ನಾಳೆಯ ಪಯಣವೂ ಐದನೆಯ ಕಾರಣವೂ

ಬೆಂಗಳೂರಿನ ಗೃಹಸ್ಥನೊಬ್ಬನು, ಎರಡು ತಿಂಗಳ ಮೇಲೆ ದೆಹಲಿಯಲ್ಲಿ ನಡೆಯಲಿರುವ ನಂಟರ ಮನೆಯ ಮದುವೆಗೆಂದು ಇಂದೇ ವಿಮಾನದ ಟಿಕೆಟ್ಟನ್ನು ಕೊಂಡನೆಂದರೆ, ಆತನು ಹಣ ಕೊಟ್ಟು ಪಡೆದ ವಸ್ತುವಾದರೂ ಯಾವುದು? ಆಸನವೆನ್ನೋಣವೆಂದರೆ, ಆತನನ್ನು ಹೊತ್ತೊಯ್ಯಬೇಕಾದ ವಿಮಾನವು ಇಂತಹುದೇ ಎಂದು ಇನ್ನೂ ಗೊತ್ತಾಗಿಲ್ಲ. ದಿನವೆನ್ನೋಣವೆಂದರೆ, ಆ ದಿನವು ಇನ್ನೂ ಹುಟ್ಟಿಲ್ಲ. ಅಂದು ತಾನು ಕ್ಷೇಮವಾಗಿರುವೆನೆಂಬ ಭರವಸೆಯೆನ್ನೋಣವೆಂದರೆ, ಅದನ್ನು ಮಾರುವ ಅಂಗಡಿ ಲೋಕದಲ್ಲಿಲ್ಲ. ಆದರೂ ಆತನು ಟಿಕೆಟ್ಟಿನ ಆರು ಅಕ್ಷರಗಳ ಗುರುತನ್ನು ಬರೆದಿಟ್ಟುಕೊಂಡು, ಹೊರಡುವುದು ನಿಶ್ಚಯವಾಯಿತೆಂದು ಮನೆಯವರಿಗೆಲ್ಲ ತಿಳಿಸಿ, ನೆಮ್ಮದಿಯಿಂದ ನಿದ್ರಿಸುತ್ತಾನೆ. ಈ ನೆಮ್ಮದಿಯು ದೈವದಲ್ಲಿ ನಂಬಿಕೆಯುಳ್ಳವನಿಗೆ ಒಪ್ಪತಕ್ಕುದೆ, ಅಥವಾ ನಾಳೆಯ ಮೇಲೆ ನಮಗಿಲ್ಲದ ಹಕ್ಕನ್ನು ಚಲಾಯಿಸುವ ಸಣ್ಣದೊಂದು ಅಪಚಾರವೆ ಎಂಬುದು ವಿಚಾರಕ್ಕೆ ಯೋಗ್ಯವಾದ ಪ್ರಶ್ನೆ.

ಇದು ಪಂಡಿತರ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ನಮ್ಮ ಮನೆಗಳಲ್ಲಿ ಅದು ನಡುಮನೆಯಲ್ಲಿಯೇ ಏಳುತ್ತದೆ. ನನಗೆ ಪರಿಚಿತವಾದ ಕುಟುಂಬವೊಂದರಲ್ಲಿ ಮಗನು ದೆಹಲಿಗೆ ಹೋಗುವ ವಿಮಾನಗಳ ದರಗಳನ್ನೆಲ್ಲ ತಾಳೆ ನೋಡಿ, ವಾರದ ಕೊನೆಗಿಂತ ವಾರದ ನಡುವೆ ಬೆಲೆ ಇಳಿದಿರುವುದನ್ನು ಕಂಡು, ಮಂಗಳವಾರ ಹೊರಡೋಣವೆಂದು ತಾಯಿಯ ಮುಂದೆ ಸೂಚಿಸಿದನಂತೆ.

"ಮಂಗಳವಾರ ಉತ್ತರಕ್ಕೆ ಶೂಲೆ ಕಣಪ್ಪಾ."

"ಹಾಗಾದರೆ ಬುಧವಾರ?"

"ಅದೂ ಉತ್ತರಕ್ಕೇ ಶೂಲೆ. ಸೋಮವಾರ ನೋಡು."

"ಸೋಮವಾರ ಒಬ್ಬೊಬ್ಬರಿಗೆ ಎರಡು ಸಾವಿರ ಜಾಸ್ತಿ, ಅಮ್ಮ."

ಆಕೆ ಒಂದು ಗಳಿಗೆ ಯೋಚಿಸಿ, "ಹಾಗಿದ್ದರೆ ಸೋಮವಾರ ಸಾಯಂಕಾಲ ಪಕ್ಕದ ಮನೆಯಲ್ಲಿ ಪ್ರಸ್ಥಾನ ಇಟ್ಟುಬಿಡೋಣ, ಮಂಗಳವಾರ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಹೊರಟರಾಯಿತು" ಎಂದರಂತೆ.

ಇಂಥ ವಾರ ಇಂಥ ದಿಕ್ಕಿಗೆ ಹೊರಡಬಾರದೆಂಬ ನಿಷೇಧಕ್ಕೆ ಶೂಲೆಯೆಂದು ಹೆಸರು. ಈ ಮಾತುಕತೆಯನ್ನು ಕೇಳಿ ನಗುವವರುಂಟು. ನನಗೆ ನಗು ಬರಲಿಲ್ಲ. ವಿಧಿಯನ್ನು ಬಲ್ಲವರೇ ಅದರ ವಿನಾಯಿತಿಯನ್ನೂ ಬಲ್ಲರು. ಆ ತಾಯಿಗೆ ಎರಡೂ ತಿಳಿದಿದ್ದುವು, ಜೊತೆಗೆ ಮಗನ ಸಂಬಳದ ಮಿತಿಯೂ ತಿಳಿದಿತ್ತು. ಹೊರಡುವ ದಿನವು ಅನುಕೂಲವಾಗಿಲ್ಲದಿದ್ದಾಗ, ಅದಕ್ಕೆ ಮೊದಲೇ ಒದಗಿದ ಒಳ್ಳೆಯ ಹೊತ್ತಿನಲ್ಲಿ ಪ್ರಯಾಣಿಕನ ವಸ್ತ್ರವನ್ನೋ ಗಂಟನ್ನೋ ಬೇರೊಂದು ಮನೆಗೆ ಸಾಗಿಸಿ, ಪಯಣವು ಆಗಲೇ ಆರಂಭವಾಯಿತೆಂದು ಭಾವಿಸುವ ಈ ಪದ್ಧತಿಯು ಅಜ್ಜಿಯರ ಕಲ್ಪನೆಯಲ್ಲ. ಮುಹೂರ್ತಗ್ರಂಥಗಳಲ್ಲಿಯೇ ಅದಕ್ಕೆ ಸ್ಥಾನವುಂಟು. ರಾಮದೈವಜ್ಞನು ಕ್ರಿ. ಶ. 1600ರಲ್ಲಿ ಕಾಶಿಯಲ್ಲಿ ಬರೆದ 'ಮುಹೂರ್ತಚಿಂತಾಮಣಿ'ಯಲ್ಲಿ ಯಾತ್ರೆಗೆಂದೇ ಒಂದು ದೊಡ್ಡ ಪ್ರಕರಣವಿದೆ. ಆತನಿಗಿಂತ ಸಾವಿರ ವರ್ಷ ಹಿಂದಿನ ವರಾಹಮಿಹಿರನು 'ಯೋಗಯಾತ್ರಾ' ಎಂಬ ಪ್ರತ್ಯೇಕ ಗ್ರಂಥವನ್ನೇ ರಚಿಸಿದನು. ಆದರೆ ಒಂದು ಮಾತನ್ನು ಮರೆಯಬಾರದು. ಆ ಗ್ರಂಥಗಳ ಕಣ್ಣಮುಂದೆ ಇದ್ದವನು ಮುಖ್ಯವಾಗಿ ದಂಡೆತ್ತಿ ಹೊರಟ ರಾಜನು. ಹೊರಡುವುದೆಂದರೆ ಕಾಳಗಕ್ಕೆ ಹೊರಡುವುದು, ಹಿಂತಿರುಗುವುದು ಸಂದೇಹದ ವಿಷಯ. ಕಾಡು, ಹೊಳೆ, ಕಳ್ಳರು, ಜ್ವರ ಇವುಗಳ ನಡುವೆ ತಿಂಗಳುಗಟ್ಟಲೆ ನಡೆಯಬೇಕಾದವನು ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ಆಕಾಶವನ್ನು ನೋಡಿದನೆಂದರೆ, ಅದನ್ನು ಮೌಢ್ಯವೆಂದು ಕರೆಯುವಷ್ಟು ಧೈರ್ಯ ನನಗಿಲ್ಲ.

ಆ ಶಾಸ್ತ್ರವನ್ನು ಈ ವಿಮಾನಕ್ಕೆ ಹೊಂದಿಸಹೊರಟರೆ ಮಾತ್ರ ವಿಚಿತ್ರವಾದ ತೊಡಕುಗಳು ಎದುರಾಗುತ್ತವೆ. ಬೆಂಗಳೂರೂ ದೆಹಲಿಯೂ ಹೆಚ್ಚುಕಡಮೆ ಒಂದೇ ರೇಖಾಂಶದ ಮೇಲಿವೆ. ಒಂದು ಪೂರ್ವಕ್ಕೆ 77.6, ಇನ್ನೊಂದು 77.2 ಅಂಶಗಳ ಆಸುಪಾಸಿನಲ್ಲಿದೆ. ಆದುದರಿಂದ ದೇವನಹಳ್ಳಿಯಿಂದೆದ್ದ ವಿಮಾನವು ನೇರವಾಗಿ ಉತ್ತರಕ್ಕೇ ಮುಖಮಾಡಿ, ಸುಮಾರು 1,700 ಕಿಲೋಮೀಟರುಗಳನ್ನು ಮೂರು ಗಂಟೆಯೊಳಗೆ ಕ್ರಮಿಸುತ್ತದೆ. ಉತ್ತರದ ಶೂಲೆಯು ಯಾವುದಾದರೊಂದು ಪಯಣಕ್ಕೆ ಚಾಚೂ ತಪ್ಪದೆ ಅನ್ವಯಿಸುವುದಾದರೆ ಅದು ಇದಕ್ಕೇ ಸರಿ. ನಮ್ಮ ಪ್ರಾಚೀನ ಜ್ಯೋತಿಷಿಗಳು ಲಂಕೆಯಿಂದ ಮೇರುವಿನವರೆಗೆ ಎಳೆದು, ಉಜ್ಜಯಿನಿಯನ್ನೂ ಕುರುಕ್ಷೇತ್ರವನ್ನೂ ಪೋಣಿಸಿದ ಮಧ್ಯರೇಖೆಯೂ ಈ ದಾರಿಗೆ ಬಹಳ ದೂರದ್ದಲ್ಲ. ಅವರು ಕಾಲವನ್ನು ಅಳೆಯಲು ಯಾವ ಗೆರೆಯನ್ನು ಆಧಾರವಾಗಿ ಹಿಡಿದರೋ, ಅದರ ಪಕ್ಕದಲ್ಲಿಯೇ ಈ ಲೋಹದ ಹಕ್ಕಿಯು ಕಾಲವನ್ನು ನುಂಗುತ್ತ ಹಾರುತ್ತದೆ.

ಹಾರುತ್ತ ಹೋದಂತೆ ಪಂಚಾಂಗವು ಕೆಳಗಿನಿಂದ ಜಾರುತ್ತದೆ. ರಾಹುಕಾಲವೆಂಬುದು ಹಗಲಿನ ಎಂಟನೆಯ ಒಂದು ಭಾಗ. ಅದನ್ನು ಆಯಾ ಊರಿನ ಸೂರ್ಯೋದಯದಿಂದ ಎಣಿಸಬೇಕು. ಜನವರಿಯ ಮೊದಲಲ್ಲಿ ದೆಹಲಿಯ ಸೂರ್ಯನು ಬೆಂಗಳೂರಿನವನಿಗಿಂತ ಅರ್ಧಗಂಟೆಯಷ್ಟು ತಡವಾಗಿ ಏಳುತ್ತಾನೆ, ಜೂನ್ ತಿಂಗಳಲ್ಲಿ ಅಷ್ಟೇ ಬೇಗ ಏಳುತ್ತಾನೆ. ಹತ್ತು ಸಾವಿರ ಮೀಟರುಗಳ ಮೇಲೆ ಕುಳಿತವನಿಗೆ ಯಾವ ಊರಿನ ರಾಹು? ಇನ್ನೂ ಸೊಗಸಾದ ತೊಡಕೊಂದಿದೆ. ನಮ್ಮಲ್ಲಿ ಮಾಸವು ಅಮಾವಾಸ್ಯೆಗೆ ಮುಗಿದರೆ ಉತ್ತರದಲ್ಲಿ ಹುಣ್ಣಿಮೆಗೆ ಮುಗಿಯುತ್ತದೆ. ಆದ್ದರಿಂದ ನಮಗೆ ಮಾಘ ಬಹುಳ ಚತುರ್ದಶಿಯಾಗಿರುವ ಮಹಾಶಿವರಾತ್ರಿಯು ಅವರಿಗೆ ಫಾಲ್ಗುಣ ಕೃಷ್ಣ ಚತುರ್ದಶಿ. ಶಿವರಾತ್ರಿಯ ಬೆಳಗ್ಗೆ ಇಲ್ಲಿ ವಿಮಾನವನ್ನೇರಿದವನು ಮಾಘದಲ್ಲಿ ಹೊರಟು, ಅದೇ ಮಧ್ಯಾಹ್ನ ಫಾಲ್ಗುಣದಲ್ಲಿ ಇಳಿಯುತ್ತಾನೆ. ನಡುವೆ ಎಲ್ಲಿಯೋ ಒಂದು ತಿಂಗಳು, ಗಗನಸಖಿಯು ಕಾಫಿ ಕೊಡುತ್ತಿರುವಾಗಲೇ, ಸದ್ದಿಲ್ಲದೆ ಕಳಚಿಬೀಳುತ್ತದೆ. ಗೋದಾವರಿಯ ದಕ್ಷಿಣತೀರದಲ್ಲಿ ಇರುವೆನೆಂದು ಪ್ರಾತಃಕಾಲದ ಸಂಕಲ್ಪದಲ್ಲಿ ಹೇಳಿಕೊಂಡವನು ಊಟದ ಹೊತ್ತಿಗೆ ಆ ಗೋದಾವರಿಯನ್ನೂ ನರ್ಮದೆಯನ್ನೂ ದಾಟಿ, ಯಮುನೆಯ ತೀರದವನಾಗಿರುತ್ತಾನೆ.

ಶಾಸ್ತ್ರವು ಸುಳ್ಳೆಂದು ತೋರಿಸುವುದಕ್ಕಾಗಿ ಇದನ್ನು ಹೇಳಲಿಲ್ಲ. ದೇಶಕಾಲಗಳು ಒಂದನ್ನೊಂದು ಬಿಟ್ಟಿರಲಾರವೆಂದು, ನಿಂತ ನೆಲವು ಬೇರೆಯಾದರೆ ಹೊತ್ತೂ ಬೇರೆಯಾಗುತ್ತದೆಂದು, ಆ ಶಾಸ್ತ್ರವೇ ಒಪ್ಪಿಕೊಂಡಿದೆ. ಪಂಚಾಂಗವು ಭೂಮಿಯ ಮೇಲೆ ನಿಂತವನಿಗಾಗಿ ಹುಟ್ಟಿದ್ದು, ಅಷ್ಟೆ. ಈಗ ನಾವು ಕೇಳಬೇಕಾದುದು ಹೊರಡುವ ಹೊತ್ತು ಒಳ್ಳೆಯದೆ ಕೆಟ್ಟದೆ ಎಂಬುದನ್ನಲ್ಲ; ಹೊರಡುವೆನೆಂದು ಮುಂದಾಗಿ ಹೇಳುವ ಅಧಿಕಾರವೇ ಮನುಷ್ಯನಿಗೆ ಉಂಟೆ ಎಂಬುದನ್ನು.

ಈ ಅಧಿಕಾರವನ್ನು ಅಲ್ಲಗಳೆದವರು ಎಲ್ಲ ಮತಗಳಲ್ಲಿಯೂ ಇದ್ದಾರೆ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರವು, ಇಂಥ ಪಟ್ಟಣಕ್ಕೆ ಹೋಗಿ, ಅಲ್ಲಿ ಒಂದು ವರ್ಷವಿದ್ದು, ವ್ಯಾಪಾರ ಮಾಡಿ ಲಾಭ ಗಳಿಸುವೆವೆಂದು ಲೆಕ್ಕ ಹಾಕುವ ವರ್ತಕರನ್ನು ತಡೆದು, ಕರ್ತನ ಚಿತ್ತವಿದ್ದರೆ ಎಂಬ ಮಾತನ್ನು ಸೇರಿಸಿಕೊಳ್ಳಬೇಕೆಂದು ತಾಕೀತು ಮಾಡುತ್ತದೆ. ಕುರಾನಿನ ಗುಹೆಯ ಅಧ್ಯಾಯವೂ ನಾಳೆಯ ವಿಷಯದಲ್ಲಿ ಅದೇ ಎಚ್ಚರಿಕೆಯನ್ನು ಕೊಡುತ್ತದೆ. ನಮ್ಮ ನೆರೆಯ ಮುಸಲ್ಮಾನರ ಬಾಯಲ್ಲಿ ಇನ್‌ಷಾ ಅಲ್ಲಾ ಎಂಬುದು ಪ್ರತಿ ಪಯಣದ ಮಾತಿಗೂ ಅಂಟಿಕೊಂಡೇ ಬರುತ್ತದೆ. ಬಸವಣ್ಣನವರ ದಾರಿ ಬೇರೆ: ಅವರು ಲಗ್ನ, ತಾರಾಬಲ, ಚಂದ್ರಬಲಗಳ ವಿಚಾರಣೆಯನ್ನೇ ಬದಿಗಿಟ್ಟು, ಶರಣನಿಗೆ ಎಲ್ಲ ಹೊತ್ತೂ ಒಳ್ಳೆಯ ಹೊತ್ತೇ ಎಂದರು. ಹನ್ನೆರಡನೆಯ ಶತಮಾನದಲ್ಲಿ ಅದು ಬಲು ದೊಡ್ಡ ಬಿಡುಗಡೆಯ ಮಾತು. ಇನ್ನು ನಮ್ಮ ಜನರಲ್ಲಿ ರೂಢಿಯಾಗಿರುವ ಧರ್ಮರಾಯನ ಕಥೆಯನ್ನು ಹೇಳದೆ ಇರುವವರಾರು? ಯಾಚಕನೊಬ್ಬನಿಗೆ ನಾಳೆ ಬಾ ಎಂದನಂತೆ ಯುಧಿಷ್ಠಿರ. ನಮ್ಮಣ್ಣನು ನಾಳೆಯವರೆಗೂ ಕಾಲವನ್ನು ಗೆದ್ದುಬಿಟ್ಟನೆಂದು ಭೀಮನು ಹೋಗಿ ಭೇರಿ ಹೊಡೆಸಿದನಂತೆ.

ಭೀಮನ ಪರಿಹಾಸ್ಯವು ರುಚಿಕರವಾದುದು. ಆದರೆ ಅದನ್ನು ತತ್ತ್ವವೆಂದು ಸ್ವೀಕರಿಸಲು ನಾನು ಒಪ್ಪಲಾರೆ. ವಿರಾಟನ ಪಾಕಶಾಲೆಯಲ್ಲಿ ವಲಲನೆಂಬ ಹೆಸರಿನಿಂದ ವರ್ಷವಿಡೀ ಅಡುಗೆ ಮಾಡಿದ ಆ ಭೀಮನೇ, ನಾಳೆಯ ಔತಣಕ್ಕೆ ಇಂದಿನ ರಾತ್ರಿ ಕಾಳು ನೆನೆಹಾಕದೆ ಇದ್ದನೆಂದು ನಂಬುವುದು ಹೇಗೆ? ನಾಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದವನು ಅನ್ನವನ್ನೂ ಇಡಲಾರ, ಅತಿಥಿಯನ್ನೂ ಕರೆಯಲಾರ. ದಾನವನ್ನು ನಾಳೆಗೆ ತಳ್ಳಿದುದು ಧರ್ಮರಾಯನ ತಪ್ಪಾಗಿರಬಹುದು. ನಾಳೆಯೆಂಬುದು ಇದೆಯೆಂದು ಎಣಿಸಿದುದು ತಪ್ಪಲ್ಲ. ನಮ್ಮ ವೈದಿಕಕರ್ಮವಾದರೂ ಯಾವುದರಿಂದ ಆರಂಭವಾಗುತ್ತದೆ? ಸಂಕಲ್ಪದಿಂದ. ಬ್ರಹ್ಮನ ಆಯುಸ್ಸು, ಕಲ್ಪ, ಮನ್ವಂತರ, ಯುಗ, ದ್ವೀಪ, ವರ್ಷ, ನದೀತೀರ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ ಎಂದು ಅನಂತದಿಂದ ಹೊರಟು ಮೆಟ್ಟಲುಮೆಟ್ಟಲಾಗಿ ಇಳಿದು, ಕಟ್ಟಕಡೆಗೆ ತನ್ನ ಗೋತ್ರಕ್ಕೂ ಹೆಸರಿಗೂ ಬಂದು ನಿಂತು, ಇದನ್ನು ಮಾಡುವೆನೆಂದು ಹೇಳುವುದೇ ಸಂಕಲ್ಪ. ಟಿಕೆಟ್ಟಿನಲ್ಲಿಯೂ ಹೆಸರು, ದಿನ, ಹೊತ್ತು, ಊರು ಎಲ್ಲವೂ ಇವೆ. ಕಲ್ಪವೂ ಮನ್ವಂತರವೂ ಮಾತ್ರ ಇಲ್ಲ. ಸಂಕಲ್ಪದಲ್ಲಿ ಕೊನೆಗೆ ಬರುವ 'ನಾನು' ಇಲ್ಲಿ ಮೊದಲ ಸಾಲಿನಲ್ಲಿ, ಅದೂ ದಪ್ಪಕ್ಷರದಲ್ಲಿ ಕುಳಿತಿರುತ್ತಾನೆ. ಎರಡಕ್ಕೂ ಇರುವ ಅಂತರವು ಇಷ್ಟೇ, ಆದರೆ ಇದು ಅಲ್ಪವಾದ ಅಂತರವಲ್ಲ.

ಹಾಗಾದರೆ ಕಳೆದುಹೋದ ಆ ವಿನಯವು ಈ ವಿಮಾನಯಾನದಲ್ಲಿ ಎಲ್ಲಿಯೂ ಉಳಿದಿಲ್ಲವೆ? ಉಳಿದಿದೆ, ಪ್ರಯಾಣಿಕನು ನೋಡದ ಒಂದು ಕಾಗದದಲ್ಲಿ ಉಳಿದಿದೆ. ಪ್ರತಿಯೊಂದು ವಿಮಾನವೂ ಹೊರಡುವ ಮೊದಲು ಅದರ ಇಂಧನದ ಲೆಕ್ಕವನ್ನು ಬರೆದಿಡುತ್ತಾರೆ. ಬೆಂಗಳೂರಿನಿಂದ ದೆಹಲಿಗೆ ತಲಪಲು ಬೇಕಾದಷ್ಟನ್ನು ಮಾತ್ರ ತುಂಬಿಕೊಂಡು ಹೊರಡುವುದಕ್ಕೆ ಯಾವ ಪೈಲಟ್ಟಿಗೂ ಅಪ್ಪಣೆಯಿಲ್ಲ. ಎದುರುಗಾಳಿಯೋ ಸುತ್ತುದಾರಿಯೋ ಬಂದರೆ ಇರಲೆಂದು ಆ ಮೊತ್ತದ ನೂರಕ್ಕೆ ಐದರಷ್ಟನ್ನು ಸಾಮಾನ್ಯವಾಗಿ ಕೂಡಿಸುತ್ತಾರೆ. ದೆಹಲಿಯಲ್ಲಿ ಇಳಿಯಲು ಆಗದೆಹೋದರೆ ಜಯಪುರವೋ ಲಖನೌವೋ ಅಮೃತಸರವೋ, ಯಾವುದಾದರೊಂದು ಬದಲಿ ನಿಲ್ದಾಣವನ್ನು ಮೊದಲೇ ಹೆಸರಿಸಿ, ಅಲ್ಲಿಗೆ ಹೋಗಿ ಇಳಿಯಲು ಬೇಕಾದುದನ್ನು ತುಂಬುತ್ತಾರೆ. ಅದರ ಮೇಲೆ, ಆ ಬದಲಿ ನಿಲ್ದಾಣದ ನೆತ್ತಿಯಲ್ಲಿ ಸುಮಾರು 450 ಮೀಟರ್ ಎತ್ತರದಲ್ಲಿ ಅರ್ಧಗಂಟೆ ಸುತ್ತುವುದಕ್ಕೆ ಸಾಲುವಷ್ಟನ್ನು ಅಂತಿಮ ಮೀಸಲೆಂದು ಇಡುತ್ತಾರೆ. ಈ ಮೀಸಲನ್ನು ಮುಟ್ಟಬಾರದು; ಅದಕ್ಕೆ ಕೈಹಾಕದೆ ಎಲ್ಲಿಯೂ ಇಳಿಯಲಾಗದೆಂದು ತೋರಿದ ಕ್ಷಣವೇ ಪೈಲಟ್ಟು ರೇಡಿಯೋದಲ್ಲಿ ಮೇಡೇ ಎಂದು ಕೂಗಿ ಆಪತ್ತನ್ನು ಸಾರಲೇಬೇಕು. ಇಷ್ಟೆಲ್ಲ ಆದ ಮೇಲೂ, ಇನ್ನಷ್ಟು ಬೇಕೆಂದು ಕಂಡರೆ ಕೂಡಿಸಿಕೊಳ್ಳುವ ಸ್ವಾತಂತ್ರ್ಯವು ಕ್ಯಾಪ್ಟನ್ನನದೇ.

ಈ ಲೆಕ್ಕದ ವಿವರವು ತಿಳಿದಾಗ, ಇದು ಬರಿಯ ಎಂಜಿನಿಯರಿಂಗ್ ಅಲ್ಲವೆಂದು ನನಗೆ ತೋರಿತು. ಗುರಿಯನ್ನು ತಲಪದೆ ಇರುವ ಸಂಭವವನ್ನು ಗುರಿಯ ಪಕ್ಕದಲ್ಲಿಯೇ ಬರೆದು, ಅದಕ್ಕೆ ಇಷ್ಟು ಕಿಲೋ ಎಂದು ತೂಕ ಕಟ್ಟಿ, ಆ ಭಾರವನ್ನು ಉದ್ದಕ್ಕೂ ಹೊತ್ತು, ಹೊರುವುದಕ್ಕಾಗಿಯೇ ಇನ್ನಷ್ಟು ಇಂಧನವನ್ನು ಸುಟ್ಟು, ದೆಹಲಿಯಲ್ಲಿ ಸುಖವಾಗಿ ಇಳಿದ ಮೇಲೆ ಬಹುಪಾಲನ್ನು ಮುಟ್ಟದೆ ಉಳಿಸಿಕೊಳ್ಳುವ ಈ ಶಿಸ್ತಿಗಿಂತ ಹೆಚ್ಚಾಗಿ ದೈವಕ್ಕೆ ಮನ್ನಣೆ ಕೊಡುವ ಆಚರಣೆಯನ್ನು ನಾನು ಕಾಣೆ. ಟಿಕೆಟ್ಟು ಕೊಂಡವನ ಯೋಜನೆಯಲ್ಲಿ ದೆಹಲಿಯೊಂದೇ ಇದೆ. ಪೈಲಟ್ಟಿನ ಯೋಜನೆಯಲ್ಲಿ ಜಯಪುರವೂ ಇದೆ.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಯಾವುದೇ ಕರ್ಮದ ಸಿದ್ಧಿಗೆ ಐದು ಕಾರಣಗಳನ್ನು ಎಣಿಸುತ್ತದೆ: ಅಧಿಷ್ಠಾನ, ಕರ್ತೃ, ಕರಣಗಳು, ಬಗೆಬಗೆಯ ಚೇಷ್ಟೆಗಳು, ಐದನೆಯದಾಗಿ ದೈವ. ಆಚಾರ್ಯರ ವ್ಯಾಖ್ಯಾನಗಳು ಇಲ್ಲಿ ಕವಲೊಡೆಯುತ್ತವೆ. ಶಂಕರರು ದೈವವೆಂದರೆ ಇಂದ್ರಿಯಗಳಿಗೆ ಅಧಿಷ್ಠಾತೃಗಳಾದ ಆದಿತ್ಯಾದಿ ದೇವತೆಗಳೆಂದು ಹೇಳಿದರೆ, ರಾಮಾನುಜರು ಅಂತರ್ಯಾಮಿಯಾದ ಪರಮಾತ್ಮನೆಂದೇ ಹೇಳುತ್ತಾರೆ. ನನ್ನ ಗಮನವನ್ನು ಸೆಳೆಯುವುದು ಆ ಎಣಿಕೆಯ ಕ್ರಮ. ದೈವವು ಅಲ್ಲಿ ಮೊದಲನೆಯದಲ್ಲ, ಒಂಟಿಯೂ ಅಲ್ಲ, ಮಿಕ್ಕ ನಾಲ್ಕಕ್ಕೆ ಎದುರಾಳಿಯೂ ಅಲ್ಲ. ಅವುಗಳ ಪಂಕ್ತಿಯಲ್ಲಿಯೇ ಕೊನೆಯ ಎಲೆಗೆ ಕುಳಿತ ಸಹಭೋಜಿ. ಸ್ಥೂಲವಾಗಿ ಇಲ್ಲಿಗೆ ಅನ್ವಯಿಸಿದರೆ, ದೆಹಲಿಯ ದಟ್ಟ ಮಂಜಿನಲ್ಲಿ ಇಳಿಯುವ ಕ್ರಿಯೆಯೇ ನಿದರ್ಶನವಾಗಬಹುದು. ರನ್‌ವೇ, ವಿಮಾನದ ಉಪಕರಣಗಳು, ತರಬೇತಾದ ಪೈಲಟ್ಟು ಈ ಮೂರೂ ಉನ್ನತ ದರ್ಜೆಯ ಅರ್ಹತೆಯನ್ನು ಪಡೆದಿದ್ದರೆ, ಎದುರಿಗೆ ಕೇವಲ 50 ಮೀಟರ್ ಕಾಣುತ್ತಿರುವಾಗಲೂ ಅಲ್ಲಿ ಇಳಿಯಬಹುದು. ಮೂರರಲ್ಲಿ ಒಂದು ಕೊರತೆಯಾದರೂ ಇಳಿಯುವಂತಿಲ್ಲ. ಮೂರೂ ಇದ್ದು ಮಂಜು ಇನ್ನೂ ಮುಸುಕಿದರೆ ಆಗಲೂ ಇಳಿಯುವಂತಿಲ್ಲ. ಈ ಮೂರರ ಜೊತೆಗೆ ಇಳಿಸುವ ಚೇಷ್ಟೆಯನ್ನೂ ಸೇರಿಸಿ ನಾಲ್ಕನ್ನು ಪೂರ್ಣವಾಗಿ ನೆರವೇರಿಸಿದವನಿಗೇ ಐದನೆಯದು ಎಲ್ಲಿಂದ ಆರಂಭವಾಗುತ್ತದೆಂಬುದು ತಿಳಿಯುತ್ತದೆ. ತಾಲೀಮಿಲ್ಲದವನು ಮಂಜನ್ನು ದೈವವೆಂದು ಕರೆದರೆ ಅದು ಭಕ್ತಿಯಲ್ಲ, ನೆಪ.

ಇಲ್ಲೊಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ದೈವವೆಂಬುದು ಬೇರೆ ಯಾವುದೂ ಅಲ್ಲ, ನಮ್ಮದೇ ಪೂರ್ವಕರ್ಮದ ಫಲವೆಂದು ನಮ್ಮಲ್ಲಿ ಬಲವಾದ ಮತವೊಂದುಂಟು. 'ಯೋಗವಾಸಿಷ್ಠ'ವು ಇನ್ನೂ ಮುಂದೆ ಹೋಗಿ, ಹಿಂದಿನ ಪೌರುಷವನ್ನೇ ಜನರು ದೈವವೆಂದು ಕರೆಯುತ್ತಾರೆಂದೂ ಇಂದಿನ ಪೌರುಷವು ಅದನ್ನು ಗೆಲ್ಲಬಲ್ಲುದೆಂದೂ ಸಾರುತ್ತದೆ. ಉತ್ಸಾಹವನ್ನು ತುಂಬುವ ಸಿದ್ಧಾಂತವಿದು. ಆದರೆ ಪೌಷಮಾಸದ ಒಂದು ಬೆಳಗ್ಗೆ ದೇವನಹಳ್ಳಿಯ ನಿಲ್ದಾಣದಲ್ಲಿ, ದೆಹಲಿಯ ಮಂಜಿನಿಂದ ವಿಮಾನವು ಮೂರು ಗಂಟೆ ತಡವೆಂಬ ಪ್ರಕಟಣೆಯಾದಾಗ, ಅಲ್ಲಿ ಕಾದು ಕುಳಿತವರನ್ನು ಒಮ್ಮೆ ನೋಡಿರಿ. ಒಬ್ಬನಿಗೆ ಕೆಲಸದ ಸಂದರ್ಶನ, ಒಬ್ಬಳಿಗೆ ಮಗಳ ಬಾಣಂತನ, ಇನ್ನೊಬ್ಬನಿಗೆ ತಂದೆಯ ಅಂತ್ಯಕ್ರಿಯೆ. ನೂರೆಂಬತ್ತು ಜನರ ನೂರೆಂಬತ್ತು ಪೂರ್ವಕರ್ಮಗಳು ಒಂದೇ ಬೆಳಗ್ಗೆ, ಒಂದೇ ಅಳತೆಯಲ್ಲಿ, ಮೂರೇ ಗಂಟೆಯ ತಡವಾಗಿ ಪಕ್ವವಾದುವೆನ್ನೋಣವೆ? ಆ ಮಂಜು ಹುಟ್ಟುವ ಬಗೆಯು ನಮಗೆ ತಿಳಿದುದೇ: ಗಂಗಾ ಬಯಲಿನ ತೇವದ ಗಾಳಿ, ಮೋಡವಿಲ್ಲದ ದೀರ್ಘರಾತ್ರಿ, ಅಲುಗದ ವಾಯು, ಶಾಖವನ್ನೆಲ್ಲ ಬಿಟ್ಟುಕೊಟ್ಟು ತಣಿದ ನೆಲ. ಅದಕ್ಕೆ ಸೇರಿಕೊಂಡ ಹೊಗೆಯಾದರೋ ಯಾರೋ ಒಬ್ಬನ ಕರ್ಮವಲ್ಲ, ಕೋಟಿ ಜನರ ಒಲೆ ವಾಹನ ಕಾರ್ಖಾನೆಗಳದ್ದು. ಇಷ್ಟು ದೊಡ್ಡ ಪ್ರದೇಶವನ್ನು ಮುಸುಕಿದ ಮಂಜು ನನ್ನ ಪಾಪಕ್ಕಾಗಿಯೇ ಇಳಿಯಿತೆಂದು ಭಾವಿಸುವುದು ಮೇಲುನೋಟಕ್ಕೆ ವಿನಯದಂತೆ ಕಂಡರೂ ಅಹಂಕಾರದ ಸೂಕ್ಷ್ಮವಾದ ರೂಪವೇ ಸರಿ. ಬೆಲ್ಲ ತಿಂದು ಹೊರಟುದರಿಂದ ಮಂಜು ಚದರಿತೆಂದು ಹೇಳಿಕೊಳ್ಳುವವನೂ ಅದೇ ಅಹಂಕಾರಕ್ಕೆ ಸೇರಿದವನು. ಲೋಕದ ಕಾರಣಪರಂಪರೆಯಲ್ಲಿ ನನ್ನ ಪಾಲು ಬಹಳ ಕಿರಿದೆಂದು ಒಪ್ಪಿಕೊಳ್ಳುವುದೇ ಕರ್ಮಸಿದ್ಧಾಂತಕ್ಕೆ ನಾವು ಸಲ್ಲಿಸಬಹುದಾದ ಗೌರವವೆಂದು ನನ್ನ ಅಭಿಪ್ರಾಯ.

ವಿಮಾನದ ಕಂಪನಿಗಳು ಈ ಮಾತನ್ನು ತಮ್ಮ ರೀತಿಯಲ್ಲಿ ಬಲ್ಲುವು. ಇಂಥ ಮಾರ್ಗದಲ್ಲಿ, ಇಂಥ ವಾರದಲ್ಲಿ, ಟಿಕೆಟ್ಟು ಕೊಂಡವರಲ್ಲಿ ಕೆಲವರು ಬಾರದೆ ಉಳಿಯುವರೆಂದು ಅವು ಹಿಂದಿನ ಲೆಕ್ಕಗಳಿಂದ ಅಂದಾಜು ಮಾಡಿ, ಇರುವ ಆಸನಗಳಿಗಿಂತ ಒಂದೆರಡನ್ನು ಹೆಚ್ಚಾಗಿಯೇ ಮಾರುವುದುಂಟು. ಬಾರದೆ ಉಳಿದವನು ಮಾತ್ರ, ಅಜ್ಜಿಯ ಕಾಯಿಲೆಯೋ ಹೆಬ್ಬಾಳದ ವಾಹನದಟ್ಟಣೆಯೋ ತನಗೊಬ್ಬನಿಗೇ ಆಗಬಾರದ್ದು ಆಯಿತೆಂದು ಕೊರಗುತ್ತಾನೆ. ಎಷ್ಟು ಮಂದಿ ಎಂಬುದು ಗಣಿತಕ್ಕೆ ಗೊತ್ತು. ಯಾರು ಎಂಬುದು ಗೊತ್ತಿಲ್ಲ. ಗಣಿತವು ನಿಂತಲ್ಲಿ ದೈವವು ತೊಡಗುತ್ತದೆಂದು ಹೇಳಿಬಿಡುವುದು ಸುಲಭ; ಆದರೆ ನಾಳೆ ಗಣಿತವು ಇನ್ನಷ್ಟು ದೂರ ನಡೆದರೆ ದೈವವು ಅಷ್ಟರಮಟ್ಟಿಗೆ ಹಿಂದೆಗೆಯಬೇಕಾಗುವುದರಿಂದ, ಅಂಥ ದೈವವನ್ನು ನಂಬುವುದು ನನಗೆ ಸಮ್ಮತವಲ್ಲ. ನಮ್ಮ ಅಜ್ಞಾನವು ಕರಗಿದಂತೆಲ್ಲ ಕರಗುವ ವಸ್ತುವಾಗಿದ್ದರೆ ಗೀತೆಯು ಅದನ್ನು ಕಾರಣಗಳ ಸಾಲಿನಲ್ಲಿ ಕೂರಿಸುತ್ತಿರಲಿಲ್ಲ. ಎಲ್ಲವೂ ತಿಳಿದ ಮೇಲೆಯೂ, ತಿಳಿದವನ ಕೈಯಲ್ಲಿ ಎಲ್ಲವೂ ಇರುವುದಿಲ್ಲ. ಆ ಉಳಿಕೆಯೇ ಐದನೆಯದು.

ಆದುದರಿಂದ ಎರಡು ತಿಂಗಳ ಮುಂಚೆ ಟಿಕೆಟ್ಟು ಕೊಂಡವನು ಅಪಚಾರವನ್ನೇನೂ ಎಸಗಲಿಲ್ಲ. ಮುಹೂರ್ತ ನೋಡಿ ಕೊಂಡವನೂ ಎಸಗಲಿಲ್ಲ. ಪ್ರಸ್ಥಾನವಿಟ್ಟ ಆ ತಾಯಿಯ ಮನಸ್ಸಿನಲ್ಲಿ ಇದ್ದುದು, ಹೊರಡುವುದು ಕೇವಲ ನಮ್ಮ ಇಷ್ಟದ ಮಾತಲ್ಲವೆಂಬ ತಿಳಿವಳಿಕೆ. ಹಣ ಕೊಟ್ಟಿದ್ದೇನೆ, ಆದ್ದರಿಂದ ತಲಪಿಸಲೇಬೇಕೆಂದು ಕಂಪನಿಯೊಡನೆಯೂ, ಶೂಲೆಯನ್ನು ತಪ್ಪಿಸಿದ್ದೇನೆ, ಆದ್ದರಿಂದ ತಲಪಿಸಲೇಬೇಕೆಂದು ದೇವರೊಡನೆಯೂ ಒಂದೇ ದನಿಯಲ್ಲಿ ವಾದಿಸುವವನ ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. ಅವನ ಯೋಜನೆಯಲ್ಲಿ ಮೀಸಲು ಇಲ್ಲ.

ಡಿಸೆಂಬರ್ ಜನವರಿಗಳಲ್ಲಿ ದೆಹಲಿಗೆ ಹೋಗಬೇಕಾದ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ವಾರವನ್ನು ಪಂಚಾಂಗವೋ ಕೈಚೀಲವೋ ಗೊತ್ತುಮಾಡಲಿ, ಮಂಜು ಸಾಮಾನ್ಯವಾಗಿ ಹೊತ್ತೇರಿದ ಮೇಲೆ ತೆಳುವಾಗುವುದರಿಂದ ಮಧ್ಯಾಹ್ನದಲ್ಲಿ ಇಳಿಯುವ ವಿಮಾನವನ್ನು ಆರಿಸಿಕೊಳ್ಳಿ, ಮದುವೆಯೋ ಪರೀಕ್ಷೆಯೋ ಇದ್ದರೆ ಒಂದು ದಿನ ಮುಂಚೆಯೇ ಹೊರಡಿ, ವಿಮಾನವು ಜಯಪುರದಲ್ಲಿ ಇಳಿದರೆ ಗಗನಸಖಿಯ ಮೇಲೆ ರೇಗಬೇಡಿ. ಅಲ್ಲಿ ಇಳಿಯಬೇಕಾದೀತೆಂದು ನೀವು ಬೆಂಗಳೂರನ್ನು ಬಿಡುವ ಮೊದಲೇ ಒಬ್ಬರು ಲೆಕ್ಕ ಹಾಕಿ ಬರೆದಿಟ್ಟಿದ್ದರು.